ಎರಡು ಪೆಡಲಿನ ಬುರುಲ್

ಬುರುಲಳ ಎಡಪಾದ ಮಡಚುವುದಿಲ್ಲ. ಅವಳು ಹುಡುಗಿಯಾಗಿದ್ದಾಗ, ಬೇಸಿಗೆಯ ಹುಲ್ಲುಗಾವಲಿನಿಂದ ಮಂದೆಯನ್ನು ಕೆಳಗೆ ಇಳಿಸುವ ದಿನ, ಕುದುರೆ ಜಾರಿ ಅವಳ ಕಾಲಿನ ಮೇಲೆಯೇ ಬಿತ್ತು. ಮೂಳೆ ಕೂಡಿಕೊಂಡಿತು, ಆದರೆ ಪಾದದ ಕೀಲು ಗೂಟದ ಹಾಗೆ ಸೆಟೆದುಬಿಟ್ಟಿತು. ನಡೆಯುವಾಗ ಎಡಗಾಲನ್ನು ಸ್ವಲ್ಪ ಹೊರಗೆ ಬೀಸಿ ಇಡುತ್ತಾಳೆ. ಅದನ್ನು ಅವಳು ಎಂದೂ ಮುಚ್ಚಿಟ್ಟವಳಲ್ಲ. ಯಾರಾದರೂ ಕದ್ದು ನೋಡಿದರೆ, "ಎದುರಿಗೇ ನಿಂತು ನೋಡಿ, ಕತ್ತು ಯಾಕೆ ನೋಯಿಸ್ಕೋತೀರಿ?" ಎನ್ನುತ್ತಾಳೆ.

ನಾನು ತಲಾಸ್ ಪಟ್ಟಣದ ಟ್ಯಾಕ್ಸಿ ಅಂಗಳದಲ್ಲಿ ನೀರು ಕಾಯಿಸುವ ಸಮೋವರ್ ಇಟ್ಟುಕೊಂಡು ಚಹಾ ಮಾರುತ್ತೇನೆ, ಜೊತೆಗೆ ಎಣ್ಣೆಯಲ್ಲಿ ಕರಿದ ಹಿಟ್ಟಿನ ತುಂಡು, ಬೋರ್ಸೋಕ್. ನನ್ನ ಗಂಡ ಇದೇ ಅಂಗಳದಿಂದ ಲಾರಿ ಹೊಡೆಯುತ್ತಿದ್ದ. ಅವನು ತೀರಿಕೊಂಡ ಮೇಲೆ ನಾನು ಇಲ್ಲಿಯೇ ಕೂತೆ; ಅಂಗಳದವರಿಗೆಲ್ಲ ನಾನೀಗ ಅಪಾ, ಅಮ್ಮನ ಹಾಗೆ. ಆದ್ದರಿಂದ ಈಗ ಬರೆಯುವುದರಲ್ಲಿ ಹೆಚ್ಚಿನದು ನಾನು ನೋಡಿದ್ದು. ನೋಡದೆ ಇದ್ದದ್ದನ್ನು ಯಾರು ಹೇಳಿದರು ಎಂದು ಅಲ್ಲಲ್ಲೇ ಹೇಳುತ್ತೇನೆ.

ಬುರುಲಳ ಗಂಡ ಕೆಲಸಕ್ಕೆಂದು ರಷ್ಯಾಕ್ಕೆ ಹೋದವನು ಅಲ್ಲಿಯೇ ಇನ್ನೊಂದು ಮನೆ ಮಾಡಿಕೊಂಡ. ಇಲ್ಲಿ ಬಿಟ್ಟು ಹೋಗಿದ್ದು ಮಗಳನ್ನು ಮತ್ತು ಒಂದು ಹಳೆಯ ಗಾಡಿಯನ್ನು. ಗಾಡಿ ಮೂರು ಪೆಡಲಿನದು. ಎಡಗಾಲಿನಿಂದ ಕ್ಲಚ್ ತುಳಿಯದೆ ಗೇರು ಬೀಳದು. ಬುರುಲ್ ಬೆಸುಗೆಯವನ ಹತ್ತಿರ ಹೋಗಿ ಕ್ಲಚ್ ಪೆಡಲಿಗೆ ಒಂದು ಕಬ್ಬಿಣದ ಸಲಾಕೆ ಬೆಸೆಸಿದಳು. ಅದರ ತುದಿ ಸ್ಟಿಯರಿಂಗಿನ ಎಡಗಡೆಗೆ ಕೈಗೆ ಸಿಗುವಂತೆ ಬಂತು. ಎಡಗೈಯಿಂದ ಸಲಾಕೆ ಒತ್ತಬೇಕು, ಬಲಗೈಯಿಂದ ಗೇರು ಹಾಕಬೇಕು. ಆ ಗಳಿಗೆಯಲ್ಲಿ ಸ್ಟಿಯರಿಂಗ್ ಹಿಡಿಯಲು ಕೈಯೇ ಉಳಿಯುತ್ತಿರಲಿಲ್ಲ. ಮೊಣಕಾಲು ಆನಿಸಿ ಹಿಡಿಯುತ್ತಿದ್ದಳು. ಹೀಗೆ ವರ್ಷಗಟ್ಟಲೆ ಸುತ್ತಲಿನ ಹಳ್ಳಿಗಳಿಗೆ ಜನರನ್ನು ಸಾಗಿಸಿದಳು. ಎದುರಿಗೆ ಕುರಿಮಂದೆ ಬಂದರೆ ಅವಳ ಪಕ್ಕದಲ್ಲಿ ಕೂತ ನಾನು ಸೀಟನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದೆ. ಆದರೆ ಅಂಗಳದ ಗಂಡಸರು ಒಬ್ಬರೂ ಅದಕ್ಕೆ ಚಕಾರ ಎತ್ತಲಿಲ್ಲ. ಗಾಡಿಗೆ ಮೂರು ಪೆಡಲ್ ಇತ್ತಲ್ಲ, ಅದು ಸಾಕಿತ್ತು ಅವರಿಗೆ.

ಆ ಗಾಡಿ ಸವೆದು ಮೂಲೆ ಸೇರಿದ ಮೇಲೆ ಅವಳು ಒಂದು ಬಿಳಿ ಗಾಡಿ ತಂದಳು. ರಷ್ಯಾದಿಂದ ಬಂದ, ಯಾರೋ ಓಡಿಸಿ ಬಿಟ್ಟ ಗಾಡಿ. ಅದರಲ್ಲಿ ಎರಡೇ ಪೆಡಲ್: ಬ್ರೇಕು, ವೇಗದ್ದು. ಗೇರಿನ ಕೋಲು ಮಾತ್ರ ಇತ್ತು. ಕೋಲನ್ನು ಒಂದು ಕಡೆಗೆ ಸರಿಸಿದರೆ ಗೇರನ್ನೂ ಗಾಡಿಯೇ ನೋಡಿಕೊಳ್ಳುತ್ತದೆ. ಇನ್ನೊಂದು ಕಡೆಗೆ ಸರಿಸಿದರೆ ಯಾವ ಗೇರು ಎನ್ನುವುದು ನಮ್ಮ ಕೈಯಲ್ಲಿ; ಮುಂದೆ ತಟ್ಟಿದರೆ ಮೇಲಿನ ಗೇರು, ಹಿಂದೆ ತಟ್ಟಿದರೆ ಕೆಳಗಿನದು. ಕ್ಲಚ್ ಒತ್ತುವ ಕೆಲಸವೊಂದನ್ನು ಗಾಡಿ ತಾನೇ ಮಾಡುತ್ತದೆ. ಪೂರಾ ಆಟೊಮ್ಯಾಟಿಕ್ ಅಲ್ಲ, ಅರ್ಧ. ಬುರುಲ್ ಇದನ್ನೆಲ್ಲ ನನಗೆ ಗಾಡಿಯಲ್ಲಿ ಕೂರಿಸಿಕೊಂಡು ಒಂದೊಂದಾಗಿ ತೋರಿಸಿದಳು.

ಅವತ್ತು ಮೊದಲು ಬಾಯಿ ಹಾಕಿದವನು ಎಸೆನ್. ಅಂಗಳದಲ್ಲೆಲ್ಲ ಕಿರಿಯ ಚಾಲಕ ಅವನು, ನಾಲಿಗೆ ಮಾತ್ರ ಎಲ್ಲರಿಗಿಂತ ಹಿರಿದು. ಬುರುಲಳನ್ನು ಎಜೆ, ಅಂದರೆ ಅಕ್ಕ, ಎನ್ನುತ್ತಾನೆ.

"ಎಜೆ, ಇನ್ನೊಂದು ಪೆಡಲ್ ದಾರೀಲಿ ಬಿದ್ದೋಯ್ತಾ? ಹೋಗಿ ಹುಡುಕ್ಲಾ?"

"ನಂಗೆ ನಿಂದೇ ಚಿಂತೆ ಎಸೆನ್," ಎಂದಳು ಬುರುಲ್. "ನಿನ್ನ ತಲೆಗಂತೂ ಮೊದಲಿಂದ ಕೆಲ್ಸ ಇಲ್ಲ. ಇಂಥ ಗಾಡಿ ಬಂದ್ರೆ ಎಡಗಾಲಿಗೂ ಕೆಲ್ಸ ಹೋಗುತ್ತೆ. ಆಮೇಲೆ ನಿಂಗೆ ಉಳಿಯೋದು ಬಾಯಿ ಒಂದೇ."

ಎಲ್ಲರೂ ನಕ್ಕರು, ಎಸೆನ್ ಕೂಡ. ನಗದೆ ಇದ್ದವನು ಸಗೀನ್.

ಸಗೀನ್ ನಮ್ಮ ಅಂಗಳದ ಹಿರಿಯ, ಎಲ್ಲರೂ ಅವನನ್ನು ಬೈಕೆ, ಅಂದರೆ ಅಣ್ಣ, ಎನ್ನುತ್ತಾರೆ. ರಾಜಧಾನಿ ಬಿಷ್ಕೆಕ್‌ಗೆ ಹೋಗುವ ಗಾಡಿಗಳ ಸಾಲನ್ನು ಅವನೇ ನಡೆಸುತ್ತಾನೆ. ಆ ದಾರಿಗೆ ಎರಡು ಘಾಟಿ. ಕೊನೆಯದಾದ ತೋ ಆಶೂ ಇಳಿಯುವಾಗ ರಸ್ತೆ ಹಾವಿನ ಹಾಗೆ ಸುತ್ತಿಕೊಂಡು ಸುತ್ತಿಕೊಂಡು ಕೆಳಗೆ ಬೀಳುತ್ತದೆ. ಹಾಗಾಗಿ ಘಾಟಿಗೆ ಹೊರಡುವ ಪ್ರತಿ ಗಾಡಿಗೂ ಸಗೀನ್ ಬಾತಾ ಕೊಡುತ್ತಾನೆ. ಎರಡೂ ಅಂಗೈ ಬಿಚ್ಚಿ, "ದಾರಿ ಬೆಳ್ಳಗಿರಲಿ, ಹೋದವರು ಹಾಗೇ ತಿರುಗಿ ಬರಲಿ" ಎಂದು ಹಾರೈಸಿ ಮುಖ ಸವರಿಕೊಳ್ಳುತ್ತಾನೆ. ಗಾಡಿಯ ಒಳಗಿದ್ದವರೂ ಮುಖ ಸವರಿಕೊಳ್ಳುತ್ತಾರೆ. ಬಾತಾ ಇಲ್ಲದ ಗಾಡಿಗೆ ನಮ್ಮ ಜನ ಹತ್ತುವುದಿಲ್ಲ. ಅವನು ಅಂಗೈ ಬಿಚ್ಚದಿದ್ದರೆ ಸಾಲಿನಿಂದ ಹೊರಗೆ ಹಾಕಿದ ಹಾಗೆಯೇ.

"ಇದು ಹಳ್ಳಿ ದಾರಿಗೆ ಇರ್ಲಿ," ಎಂದ ಸಗೀನ್. "ಘಾಟಿ ಸಾಲಿಗೆ ಬೇಡ."

"ಯಾಕೆ ಬೈಕೆ?"

"ಎರಡು ಪೆಡಲ್ ಗಾಡಿಗೆ ನಾನು ಬಾತಾ ಕೊಡಲ್ಲ. ಅಷ್ಟೇ."

ಬುರುಲಳಿಗೆ ಘಾಟಿ ಸಾಲು ಬೇಕೇ ಬೇಕಿತ್ತು. ಹಳ್ಳಿಯ ದಾರಿಯಲ್ಲಿ ಅವರೆಕಾಳಿನ ಕೊಯ್ಲು ಮುಗಿದರೆ ಜನವೇ ಇರುವುದಿಲ್ಲ, ಚಳಿಗಾಲವಿಡೀ ಗಾಡಿ ಮನೆ ಮುಂದೆ ನಿಲ್ಲುತ್ತದೆ. ಈ ಗಾಡಿಯನ್ನು ಅವಳು ತಂದದ್ದೇ ಘಾಟಿ ದಾಟುವುದಕ್ಕೆ. ಸಲಾಕೆ ಒತ್ತಿಕೊಂಡು ಘಾಟಿ ಹತ್ತಲಾಗದು ಎಂದು ಅವಳಿಗೆ ತಿಳಿದಿತ್ತು.

ಸಗೀನ್ ಕೆಟ್ಟವನಲ್ಲ, ಅದನ್ನೂ ಹೇಳಬೇಕು. ಒಂದೆರಡು ಚಳಿಗಾಲದ ಹಿಂದೆ ತೋ ಆಶೂವಿನ ತಿರುವಿನಲ್ಲಿ ಬ್ರೇಕ್ ಸುಟ್ಟು ಉರುಳಿದ ಗಾಡಿಯಿಂದ ಜನರನ್ನು ಎಳೆದು ಹಾಕಿದವನು ಅವನೇ. ಅವನ ಅಂಗೈ ಮೇಲೆ ಆ ದಿನದ ಗಾಯದ ಗುರುತು ಇನ್ನೂ ಇದೆ. ಅದು ಎರಡು ಪೆಡಲಿನ ಗಾಡಿಯಾಗಿತ್ತು. ಆವತ್ತಿನಿಂದ ಅವನ ಲೆಕ್ಕದಲ್ಲಿ ಎರಡು ಪೆಡಲಿನವೆಲ್ಲ ಒಂದೇ.

ಕೆಲವು ದಿನ ಕಳೆದ ಮೇಲೆ ಅವನೇ ಸ್ವಲ್ಪ ಇಳಿದು ಬಂದ. ನನ್ನ ಬೆಂಚಿನ ಹತ್ತಿರವೇ ಮಾತಾಯಿತು.

"ಒಂದ್ ಕೆಲ್ಸ ಮಾಡು ಬುರುಲ್. ನನ್ನನ್ನ ಪಕ್ಕದಲ್ಲಿ ಕೂರಿಸ್ಕೊಂಡು ಒಂದ್ಸಲ ಘಾಟಿ ಇಳಿ. ಸರಿ ಅನ್ಸಿದ್ರೆ ಸಾಲಿಗೆ ಸೇರಿಸ್ಕೋತೀನಿ."

"ಎಸೆನ್ ಪಕ್ಕ ಕೂತು ನೋಡಿದ್ರಾ, ಅವನು ಸೇರ್ದಾಗ?"

"ಅವನದು ಮೂರು ಪೆಡಲ್."

"ಹಾಗಾದ್ರೆ ನೀವು ನೋಡ್ಬೇಕು ಅಂತಿರೋದು ನಾನು ಓಡ್ಸೋದನ್ನಲ್ಲ, ನನ್ನ ಕಾಲನ್ನ." ಬುರುಲ್ ಎಡಗಾಲನ್ನು ಬೆಂಚಿನ ಮೇಲೆತ್ತಿ ಇಟ್ಟಳು. "ಇಗೋ, ಇಲ್ಲೇ ಇದೆ. ಎಷ್ಟು ಬೇಕೋ ಅಷ್ಟು ನೋಡಿ. ಪರೀಕ್ಷೆ ಕೊಡಲ್ಲ ಬೈಕೆ. ಲೈಸೆನ್ಸ್ ಕೊಟ್ಟೋರು ನೋಡೇ ಕೊಟ್ಟಿದಾರೆ."

ಸಗೀನ್ ಎದ್ದು ಹೋದ. ನನಗೆ ತಡೆಯಲಾಗಲಿಲ್ಲ. "ಒಪ್ಕೋಬಾರ್ದಾಗಿತ್ತಾ? ಒಂದು ದಿನದ ಮಾತು. ಕೂರಿಸ್ಕೊಂಡು ಹೋಗಿ ಬಂದಿದ್ರೆ ಮುಗೀತಿತ್ತು," ಎಂದೆ.

"ಮುಗಿಯಲ್ಲ ಅಪಾ. ಇವತ್ತು ಒಣ ರಸ್ತೇಲಿ ನೋಡ್ತಾರೆ. ನಾಳೆ ಹಿಮ ಬಿತ್ತು, ಮತ್ತೆ ತೋರ್ಸು ಅಂತಾರೆ. ನಾಡಿದ್ದು ಎಸೆನ್ ಹೇಳ್ತಾನೆ, ನಂಗೂ ತೋರ್ಸು ಅಂತ. ಅವರೆಲ್ಲ ಓಡಿಸ್ತಾ ಇರ್ತಾರೆ, ನಾನು ತೋರಿಸ್ತಾ ಇರ್ಬೇಕು. ಅದಾಗಲ್ಲ."

ಘಾಟಿಯ ಮೇಲೆ ಹಿಮ ಬಿತ್ತು, ಆದರೆ ರಸ್ತೆ ತೆರೆದೇ ಇತ್ತು. ನಮ್ಮ ಅಂಗಳಕ್ಕೆ ಇರುವುದು ಒಂದೇ ಗೇಟು. ಮುಂಜಾನೆ ಯಾರು ಮೊದಲು ಬರುತ್ತಾರೋ ಅವರು ಗೇಟಿನ ಬಾಯಿಗೆ ಗಾಡಿ ನಿಲ್ಲಿಸುತ್ತಾರೆ. ಮೊದಲ ಸರದಿ ಅವರದು. ಅದು ತುಂಬಿ ಹೊರಟ ಮೇಲೆಯೇ ಹಿಂದಿನದು ಹೊರಡುವುದು. ಅದರಲ್ಲಿ ಎಂದೂ ಜಗಳ ಆದದ್ದಿಲ್ಲ. ಆ ದಿನ ನಾನು ಸಮೋವರಿಗೆ ಕೆಂಡ ಹಾಕಲು ಬಂದಾಗ ಗೇಟಿನ ಬಾಯಲ್ಲಿ ಬಿಳಿ ಗಾಡಿ ನಿಂತಿತ್ತು.

ಬೆಳಕು ಹರಿಯುವ ಹೊತ್ತಿಗೆ ಅದರ ಹಿಂದೆ ಉಳಿದವರ ಗಾಡಿಗಳು ಒಂದರ ಹಿಂದೆ ಒಂದು ಬಂದು ನಿಂತವು. ಪ್ರಯಾಣಿಕರೂ ಬಂದರು: ಅವರೆಕಾಳು ವ್ಯಾಪಾರಿ ಒಬ್ಬ, ಓದುವ ಹುಡುಗಿಯರಿಬ್ಬರು, ಆಮೇಲೆ ಕಾಲಿಚಾ ಅಪಾ. ಈ ಕಾಲಿಚಾ ಅಪಾ ಸಗೀನನ ಹೆಂಡತಿಯ ತಾಯಿ. ಬಿಷ್ಕೆಕ್‌ನಲ್ಲಿ ಮರಿಮಗುವನ್ನು ತೊಟ್ಟಿಲಿಗೆ ಹಾಕುವ ಔತಣಕ್ಕೆ ಹೊರಟಿದ್ದರು. ಮೈಮೇಲೆ ಹತ್ತಿ ತುಂಬಿದ ಉದ್ದನೆಯ ಕೋಟು, ತಲೆಗೆ ದಪ್ಪ ಶಾಲು, ಮಡಿಲಲ್ಲಿ ಬಟ್ಟೆ ಸುತ್ತಿದ ರೊಟ್ಟಿ.

ಸಗೀನ್ ಬಂದವನು ಗಾಡಿ ನೋಡಿ ನಿಂತ.

"ತೆಗಿ ಇದನ್ನ."

"ಮೊದಲ್ನೇ ಸರದಿ ನಂದು ಬೈಕೆ."

"ಬಾತಾ ಕೊಡಲ್ಲ ಅಂದಿದೀನಿ."

"ನಾನು ಬಾತಾ ಕೇಳ್ಲಿಲ್ಲ. ಸರದಿ ಅಂದೆ."

ಬುರುಲ್ ಎಂಜಿನ್ ನಿಲ್ಲಿಸಿದಳು, ಕೀಲಿ ತೆಗೆದು ಜೇಬಿಗೆ ಹಾಕಿದಳು. ಬಾಗಿಲಿಗೆ ಬೀಗವನ್ನೂ ಹಾಕಲಿಲ್ಲ. ಕಾಲು ಬೀಸುತ್ತಾ ನೇರ ನನ್ನ ಬೆಂಚಿಗೆ ಬಂದು ಕೂತಳು.

"ಒಂದು ಚಹಾ ಕೊಡಿ ಅಪಾ. ಬಿಸಿ ಇರ್ಲಿ, ನಿಧಾನವಾಗಿ ಕುಡೀತೀನಿ."

ಸಗೀನ್ ಗಂಡಸರನ್ನು ಕರೆದ. ಇದು ಅಂಗಳದಲ್ಲಿ ದಿನವೂ ನಡೆಯುವ ಕೆಲಸವೇ. ಯಾರದ್ದಾದರೂ ಗಾಡಿ ಅಡ್ಡ ಇದ್ದರೆ, ಕೈ ಒಳಗೆ ಹಾಕಿ ಹ್ಯಾಂಡ್‌ಬ್ರೇಕ್ ಬಿಟ್ಟು, ಗೇರನ್ನು ನ್ಯೂಟ್ರಲ್ಲಿಗೆ ತಂದು, ತಳ್ಳಿ ಪಕ್ಕಕ್ಕಿಡುತ್ತಾರೆ. ಸಗೀನ್ ಬಾಗಿಲು ತೆಗೆದು ಹ್ಯಾಂಡ್‌ಬ್ರೇಕ್ ಬಿಟ್ಟ. ಕೋಲನ್ನು ನಡುವಿಗೆ ತಂದು ಅತ್ತಿತ್ತ ಅಲ್ಲಾಡಿಸಿ ನೋಡಿದ. ಸಡಿಲವಾಗಿತ್ತು.

"ನ್ಯೂಟ್ರಲ್ ಇದೆ. ತಳ್ರೋ!"

ತಳ್ಳಿದರು. ಗಾಡಿ ಒಂದು ಗೇಣು ಮುಂದೆ ಹೋಗಿ, ಅಷ್ಟೇ ಹಿಂದಕ್ಕೆ ಬಂದು ಕೂತಿತು.

"ಹ್ಯಾಂಡ್‌ಬ್ರೇಕ್ ಬಿಟ್ರಾ ಬೈಕೆ?" ಎಸೆನ್ ಕೇಳಿದ.

"ಬಿಟ್ಟಿದೀನಿ ಕಣೋ! ಊಟ ಮಾಡಿ ಬಂದಿದೀಯಾ ಇಲ್ವಾ? ತಳ್ಳು!"

ಮತ್ತೆ ತಳ್ಳಿದರು. ಮತ್ತೆ ಅದೇ ಗೇಣು. ಅವರೆಕಾಳು ವ್ಯಾಪಾರಿಯೂ ಮೂಟೆ ಕೆಳಗಿಟ್ಟು ಹೆಗಲು ಕೊಟ್ಟ. ಗಾಡಿ ತೊಟ್ಟಿಲಿನ ಹಾಗೆ ತೂಗಿತೇ ಹೊರತು ಜಾಗ ಬಿಡಲಿಲ್ಲ.

"ಚಳಿಗೆ ಹಿಂದಿನ ಬ್ರೇಕ್ ಹೆಪ್ಪುಗಟ್ಟಿದೆ," ಎಂದ ಒಬ್ಬ. ನಮ್ಮಲ್ಲಿ ಅದು ಆಗುತ್ತದೆ. ಒದ್ದೆ ಗಾಡಿಯನ್ನು ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದರೆ ಬೆಳಗಾಗುವಷ್ಟರಲ್ಲಿ ಚಕ್ರ ಕಚ್ಚಿಕೊಂಡಿರುತ್ತದೆ. ಎಲ್ಲರಿಗೂ ಆ ಮಾತು ಸರಿ ಎನ್ನಿಸಿತು. ಎಸೆನ್ ನನ್ನ ಹತ್ತಿರ ಓಡಿ ಬಂದ.

"ಅಪಾ, ಒಂದ್ ಬಕೆಟ್ ಬಿಸಿನೀರು ಕೊಡಿ."

"ಇದು ಚಹಾಕ್ಕೆ ಇಟ್ಟಿರೋದು. ಗಾಡಿ ಕಾಲು ತೊಳೆಯೋಕಲ್ಲ."

ಅವನು ಎದುರಿನ ಊಟದ ಮನೆಯಿಂದ ತಂದ. ಹಿಂದಿನ ಎರಡೂ ಚಕ್ರಕ್ಕೆ ಸುರಿದರು, ಹಬೆ ಎದ್ದಿತು. ಈಗ ಬಿಡುತ್ತದೆ ಎಂದು ಎಲ್ಲರೂ ಒಟ್ಟಿಗೆ ಬಗ್ಗಿದರು. ಅಷ್ಟರೊಳಗೆ ಸುರಿದ ನೀರು ಅವರ ಬೂಟಿನ ಕೆಳಗೆ ಗಾಜಾಗಿತ್ತು. ಎಸೆನ್ ಮೊದಲು ಬಿದ್ದ, ಅವನನ್ನು ಹಿಡಿಯಲು ಹೋದ ವ್ಯಾಪಾರಿ ಅವನ ಮೇಲೆ ಬಿದ್ದ. ಓದುವ ಹುಡುಗಿಯರು ಶಾಲಿನಿಂದ ಬಾಯಿ ಮುಚ್ಚಿಕೊಂಡರು. ಬುರುಲ್ ನಗಲಿಲ್ಲ. ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಲ್ಲಿಂದಲೇ ಹೇಳಿದಳು:

"ಬೈಕೆ, ನೀವು ಅಲ್ಲಾಡಿಸಿದ ಕೋಲು ಗೇರಿಗೆ ಸೇರಿಲ್ಲ. ಅದು ಗಾಡಿಗೆ ಮಾತು ಹೇಳೋ ಕೋಲು ಅಷ್ಟೇ. ಕೀಲಿ ತಿರುಗಿಸಿ ಬ್ರೇಕ್ ತುಳಿದ್ರೆ ಮಾತು ಕೇಳುತ್ತೆ. ಈಗ ಅದು ನಿದ್ದೆ ಮಾಡ್ತಿದೆ, ಒಂದನೇ ಗೇರು ಕಚ್ಕೊಂಡೇ ಮಲಗಿದೆ."

ಸಗೀನ್ ಸೊಂಟ ನೆಟ್ಟಗೆ ಮಾಡಿ ತಿರುಗಿದ.

"ಇಷ್ಟು ಜನ ಸೇರಿ ತಳ್ಳಿದ್ರಿ," ಎಂದಳು ಬುರುಲ್. "ಬಿಡ್ತಾ? ಘಾಟಿ ಇಳಿಯುವಾಗ್ಲೂ ಗೇರು ಹೀಗೇ ಹಿಡ್ಕೊಳ್ಳುತ್ತೆ. ನಾನು ತೋರ್ಸಲ್ಲ ಅಂದಿದ್ದೆ. ನೀವೇ ತಳ್ಳಿ ನೋಡಿದ್ರಿ."

ಹಿಂದಿನ ಗಾಡಿಗಳಲ್ಲಿ ಯಾರೋ ಹಾರನ್ ಒತ್ತಿದರು. ಸಗೀನನ ಮುಖ ಕೆಂಪಾಯಿತು. "ಎತ್ತಿ ಪಕ್ಕಕ್ಕಿಡ್ರಿ. ಮುಂದುಗಡೆ ಹಿಡ್ಕೊಳ್ಳಿ," ಎಂದ.

ಗಂಡಸರು ಬಂಪರಿನ ಕಡೆಗೆ ಬಂದರು. ಅಷ್ಟರಲ್ಲಿ ಕಾಲಿಚಾ ಅಪಾ ರೊಟ್ಟಿಯ ಗಂಟು ಹಿಡಿದುಕೊಂಡು ನಡೆದು, ಬಿಳಿ ಗಾಡಿಯ ಮುಂದಿನ ಬಾಗಿಲು ತೆಗೆದು ಒಳಗೆ ಕೂತುಬಿಟ್ಟರು. ಹಿರಿಯರಿಗೆ ಮುಂದಿನ ಸೀಟು, ಅದು ಅವರದೇ ಜಾಗ.

ಸಗೀನ್ ಕಿಟಕಿಯ ಹತ್ತಿರ ಬಗ್ಗಿದ. ಹೆಂಡತಿಯ ತಾಯಿಯ ಮುಂದೆ ನಮ್ಮ ಗಂಡಸರು ದನಿ ಎತ್ತುವುದಿಲ್ಲ. ಬುರುಲಳಿಗೆ ಗದರಿದ ದನಿ ಹತ್ತಿ ಅರಳೆಯಾಯಿತು.

"ಅಪಾ, ಇಳೀರಿ. ಈ ಗಾಡಿ ಹೋಗಲ್ಲ."

"ಹೋಗೋ ತನಕ ಕೂತಿರ್ತೀನಿ ಅಳಿಯ. ಹೊರಗೆ ಚಳಿ."

"ಹಿಂದಿನ ಗಾಡೀಲಿ ಕೂತ್ಕೊಳ್ಳಿ. ಬೆಚ್ಚಗಿದೆ."

"ಯಾಕೆ? ಮೊದಲ್ನೇ ಗಾಡಿ ಇದು. ನೀನೇ ಎಲ್ಲರಿಗೂ ಹೇಳೋದು, ಮೊದಲ್ನೇದಕ್ಕೇ ಹತ್ತಿ ಅಂತ. ನಂಗೆ ಬೇರೆ ನ್ಯಾಯಾನಾ?"

"ಅಪಾ, ಇದನ್ನ ಎತ್ತಿ ಪಕ್ಕಕ್ಕಿಡ್ಬೇಕು."

"ಎತ್ತು. ನನ್ನ ಸೇರ್ಸೇ ಎತ್ತು. ಹೆಣ್ಣು ಕೇಳೋಕೆ ಬಂದ ದಿನ ನಿಮ್ಮ ಕಡೆಯೋರು ಹೇಳಿದ್ರು, ಹುಡುಗ ಕುದುರೇನೇ ಹೆಗಲ ಮೇಲೆ ಹೊರ್ತಾನೆ ಅಂತ. ಇವತ್ತು ನೋಡೇಬಿಡ್ತೀನಿ."

ಬಂಪರ್ ಹಿಡಿದಿದ್ದವರು ಕೈ ಬಿಟ್ಟು ಬೇರೆ ಕಡೆಗೆ ಮುಖ ತಿರುಗಿಸಿ ನಕ್ಕರು. ಓದುವ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಹಿಂದಿನ ಸೀಟಿಗೆ ಹತ್ತಿದರು. ವ್ಯಾಪಾರಿ ಪ್ಯಾಂಟಿನ ಹಿಮ ಕೊಡವಿಕೊಂಡು, "ನಂಗೂ ಹೊತ್ತಾಗುತ್ತೆ" ಎನ್ನುತ್ತಾ ಮೂರನೆಯವನಾದ. ಗಾಡಿ ತುಂಬಿತು.

ಸಗೀನ್ ನನ್ನ ಬೆಂಚಿಗೆ ಬಂದ. ಗದರಲು ಬಂದವನಲ್ಲ, ನಿಂತು ಅಂಗೈ ಮೇಲಿನ ಗುರುತು ಉಜ್ಜಿಕೊಳ್ಳುತ್ತಿದ್ದ.

"ಬುರುಲ್, ಆ ತಿರುವಲ್ಲಿ ನಾನು ಎಳೆದು ಹಾಕಿದ ಜನ ಈಗ್ಲೂ ಕಣ್ಣಿಗೆ ಬರ್ತಾರೆ. ಅದಕ್ಕೂ ಎರಡೇ ಪೆಡಲ್."

"ಗೊತ್ತು ಬೈಕೆ. ಅದನ್ನ ಓಡಿಸ್ತಿದ್ದೋನು ಗೇರನ್ನ ಗಾಡಿಗೇ ಬಿಟ್ಟು, ಮೇಲಿಂದ ಕೆಳಗಿನ ತನಕ ಬ್ರೇಕ್ ಮೇಲೇ ಕಾಲಿಟ್ಕೊಂಡು ಇಳ್ದ. ಸುಟ್ಟೋಯ್ತು." ಅವಳು ಬಟ್ಟಲು ಕೆಳಗಿಟ್ಟಳು. "ನೀವು ಹೇಗೆ ಇಳೀತೀರಿ? ಪೆಟ್ರೋಲ್ ಉಳೀಲಿ ಅಂತ ಘಾಟಿ ತುದೀಲಿರೋ ಸುರಂಗ ದಾಟಿದ ಕೂಡ್ಲೇ ನ್ಯೂಟ್ರಲ್ ಹಾಕ್ತೀರಿ. ನೀವು, ಎಸೆನ್, ಇಲ್ಲಿ ನಿಂತಿರೋ ಎಲ್ಲರೂ. ಮೂರು ಪೆಡಲ್ ಇದ್ರೂ ಒಂದೇ ಪೆಡಲ್ ಮೇಲೆ ಇಳೀತೀರಿ. ನಾನು ಎರಡನೇ ಗೇರಿಗೆ ತಟ್ಟಿ, ಗೇರಲ್ಲೇ ಇಳೀತೀನಿ."

ಎಸೆನ್ ಕೆಮ್ಮಿದ. ಅವಳು ಹೇಳಿದ್ದು ನಿಜ. ನನ್ನ ಗಂಡನೂ ಹಾಗೆಯೇ ಇಳಿಯುತ್ತಿದ್ದ.

"ನನ್ನ ಗಾಡೀಲಿ ಕೊರತೆ ಇಲ್ಲ ಅಂತಲ್ಲ," ಎಂದಳು. "ಹತ್ತುವಾಗ ಗೇರು ಬದಲಾಯ್ಸೋ ಮುಂಚೆ ಯೋಚ್ನೆ ಮಾಡುತ್ತೆ, ತಲೆ ತೂಗುತ್ತೆ. ಏರಲ್ಲಿ ನಿಲ್ಸಿ ಹೊರಟ್ರೆ ಸ್ವಲ್ಪ ಹಿಂದೆ ಜಾರುತ್ತೆ. ಬಿಸಿಯಾದ್ರೆ ನಿಲ್ಸಿ ಆರಿಸ್ಕೊಂಡು ಹೋಗ್ತೀನಿ. ಹತ್ತೋದ್ರಲ್ಲಿ ನಿಮ್ಮದೇ ಮೇಲು, ಯಾರ ಮುಂದೆ ಬೇಕಾದ್ರೂ ಹೇಳ್ತೀನಿ. ಆದ್ರೆ ಸರದಿ ಬಿಟ್ಟುಕೊಡಲ್ಲ. ಇವತ್ತಲ್ಲ, ಯಾವತ್ತೂ ಇಲ್ಲ."

ಸಗೀನ್ ಹೋಗಿ ಗೇಟಿನ ಅಡ್ಡ ಕಂಬ ಎತ್ತಿ, ಬೆನ್ನು ತಿರುಗಿಸಿ ನಿಂತ. ಅಂಗೈ ಮಾತ್ರ ಬಿಚ್ಚಲಿಲ್ಲ. ಬುರುಲ್ ಗಾಡಿ ಹತ್ತಿದಳು. ಒಳಗೆ ಕಾಲಿಚಾ ಅಪಾ ಎರಡೂ ಅಂಗೈ ಬಿಚ್ಚಿ ತುಟಿ ಅಲ್ಲಾಡಿಸಿದ್ದನ್ನು, ಐವರೂ ಮುಖ ಸವರಿಕೊಂಡದ್ದನ್ನು ನಾನು ನೋಡಿದೆ. ಗಾಡಿ ಒಮ್ಮೆ ತಲೆ ತೂಗಿ ಹೊರಟಿತು.

ದಾರಿಯ ಕಥೆಯನ್ನು ಕಾಲಿಚಾ ಅಪಾ ಔತಣ ಮುಗಿಸಿ ಬಂದ ಮೇಲೆ ಹೇಳಿದರು. ಹತ್ತುವಾಗ ಎರಡು ಸಲ ನಿಂತಿತಂತೆ, ಅವರು ಇಳಿದು ರೊಟ್ಟಿ ಮುರಿದು ಎಲ್ಲರಿಗೂ ಕೊಟ್ಟರಂತೆ. "ಇಳಿಯುವಾಗ ಗಾಡಿ ಗುರ್ ಅಂತ ಮುದುಕನ ಹಾಗೆ ಗೊಣಗ್ತಾ ಇಳೀತು. ಹಿಂದಿಂದ ಬಂದ ಅಳಿಯನ ಸಾಲಿನೋರೆಲ್ಲ ಸುಯ್ ಅಂತ ದಾಟ್ಕೊಂಡು ಹೋದ್ರು. ಹೋಗ್ಲಿ, ನಂಗೇನು? ಈ ಸಲ ಹೊಟ್ಟೆ ತೊಳಸ್ಲಿಲ್ಲ," ಎಂದರು.

ಬುರುಲ್ ತಿರುಗಿ ಬಂದ ಮೇಲೆ ಅಂಗಳದಲ್ಲಿ ಒಂದು ಬದಲಾವಣೆ ಆಗಿತ್ತು. ಮೊದಲ ಗಾಡಿ ಇನ್ನು ಮೇಲೆ ಗೇಟಿನ ಬಾಯಲ್ಲಿ ನಿಲ್ಲಬಾರದು, ಒಳಗೋಡೆಯ ಪಕ್ಕ ನಿಲ್ಲಬೇಕು ಎಂದು ಸಗೀನ್ ಹೇಳಿಬಿಟ್ಟಿದ್ದ. ಬುರುಲ್ ಅದಕ್ಕೆ ತಕರಾರು ಮಾಡಲಿಲ್ಲ. ಮರುವಾರ ಮತ್ತೆ ಎಲ್ಲರಿಗಿಂತ ಮುಂಚೆ ಬಂದು ಗೋಡೆಯ ಪಕ್ಕ ನಿಲ್ಲಿಸಿದಳು. ಜನ ತಾವಾಗಿಯೇ ಹತ್ತಿ ಕೂತರು.

ಹೊರಡುವ ಹೊತ್ತಾಯಿತು. ಸಾಲಿನವರನ್ನು ಸಗೀನ್ ಹೆಸರು ಹಿಡಿದು ಕರೆಯುತ್ತಾನೆ. ಕರೆದ ಮೇಲೆಯೇ ಗಾಡಿ ಹೊರಡುವುದು.

"ಏಯ್, ಎರಡು ಪೆಡಲ್! ಹೊರಡು!"

ಬುರುಲ್ ಸ್ಟಿಯರಿಂಗಿನ ಮೇಲೆ ಕೈಯಿಟ್ಟು ಎದುರಿಗೆ ನೋಡುತ್ತಾ ಕೂತಿದ್ದಳು.

"ಬಿಳಿ ಗಾಡಿ! ಕಿವಿ ಕೇಳಲ್ವಾ?"

ಅವಳು ಕದಲಲಿಲ್ಲ. ಹಿಂದಿನ ಗಾಡಿಯಲ್ಲಿದ್ದ ಎಸೆನ್ ಕಿಟಕಿಯಿಂದ ತಲೆ ಹೊರಗೆ ಹಾಕಿದ. "ಬೈಕೆ, ಹೆಸ್ರು ಹೇಳ್ಬಿಡಿ. ಇನ್ನೊಂದ್ಸಲ ಬಿಸಿನೀರು ಹೊರೋಕೆ ನನ್ನ ಕೈಲಾಗಲ್ಲ."

ಸಗೀನ್ ಟೋಪಿ ತೆಗೆದ, ತಲೆ ಕೆರೆದುಕೊಂಡ, ಮತ್ತೆ ಹಾಕಿಕೊಂಡ.

"ಬುರುಲ್," ಎಂದ. "ನಿನ್ನ ಸರದಿ."

ಬುರುಲ್ ಹಿಂದಕ್ಕೆ ತಿರುಗಿ, ಬಾಗಿಲು ಸರಿಯಾಗಿ ಹಾಕಿಕೊಳ್ಳಿ ಎಂದು ಹಿಂದೆ ಕೂತವರಿಗೆ ಹೇಳಿದಳು. ಆಮೇಲೆ ಬ್ರೇಕ್ ತುಳಿದು, ಕೀಲಿ ತಿರುಗಿಸಿದಳು.